ಬಸಿ ಚಹಾ ಮತ್ತು ರಾಯಚೂರಿನ ಲೋಡು

ಲಾರಿ ಕೊಂಡ ಮೇಲೆ ನಾನು ಕಲಿತ ಮೊದಲ ಸಂಗತಿ ಇದು: ಲೋಡು ಎಲ್ಲಿಯೂ ಬರೆದಿರುವುದಿಲ್ಲ, ಅದು ಯಾರದೋ ಬಾಯಲ್ಲಿರುತ್ತದೆ. ಹೈದರಾಬಾದಿನ ಬಾಲಾನಗರದ ಲಾರಿ ಅಡ್ಡೆಯಲ್ಲಿ ತಗಡಿನ ಮಾಡಿನ ಕೆಳಗೆ ಏಳೆಂಟು ದಲಾಲರ ಮೇಜುಗಳಿದ್ದವು. ಪ್ರತಿ ಮೇಜಿನ ಮೇಲೆ ಡಯಲ್ಲಿಗೆ ಬೀಗ ಹಾಕಿದ ಒಂದು ಕರಿ ಫೋನು. ಯಾವುದೋ ಕಾರ್ಖಾನೆಯವರು ಫೋನು ಮಾಡಿ ಇಂಥ ಊರಿಗೆ ಇಷ್ಟು ಮಾಲು ಹೋಗಬೇಕು ಎನ್ನುತ್ತಾರೆ. ದಲಾಲ ಬೆಂಚಿನ ಮೇಲೆ ಕೂತ ಲಾರಿಯವರ ಮೇಲೆ ಕಣ್ಣಾಡಿಸಿ, ತನಗೆ ಬೇಕಾದವನನ್ನು ಹತ್ತಿರ ಕರೆದು ಸಣ್ಣ ದನಿಯಲ್ಲಿ ಹೇಳುತ್ತಾನೆ. ಉಳಿದವರು ಬೀಡಿ ಹಚ್ಚುತ್ತಾರೆ.

ನಾನು ಆ ಉಳಿದವರಲ್ಲಿ ಒಬ್ಬನಾಗಿದ್ದೆ. ಹತ್ತು ಟನ್ನಿನ ಹಳೆಯ ಲಾರಿ, ನನ್ನದೇ ಹೆಸರಿನಲ್ಲಿ. ಅರ್ಧ ದಾರಿ ನಾನು ಓಡಿಸುತ್ತಿದ್ದೆ, ಅರ್ಧ ದಾರಿ ಬಸವಕಲ್ಯಾಣದ ಕಡೆಯ ಡ್ರೈವರ್ ಒಬ್ಬರು. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ಹಿರಿಯರು, ಅನುಭವದಲ್ಲಿ ಇನ್ನೂ ಹೆಚ್ಚು.

ಇತಿಹಾಸದಲ್ಲಿ ಎಂ.ಎ. ಮಾಡಿದವನು ನಾನು. ಅಲ್ಲಿ ಕಲಿತದ್ದರಲ್ಲಿ ಎರಡು ಮಾತು ಉಳಿದಿದ್ದವು. ಸಾಕ್ಷಿಗೆ ಲಾಭವಿದ್ದರೆ ಅವನ ಮಾತು ನಂಬಬೇಡ. ನೆನಪಿನಿಂದ ಬರೆದದ್ದಕ್ಕಿಂತ ಅದೇ ದಿನ ಬರೆದಿಟ್ಟದ್ದಕ್ಕೆ ಬೆಲೆ ಹೆಚ್ಚು. ಎರಡನೆಯದು ನನಗೆ ಹೇಳಿ ಮಾಡಿಸಿದ ಮಾತು. ನಮ್ಮ ಮದುವೆಯಲ್ಲಿ ಹೆಂಡತಿ ನೀಲಿ ಸೀರೆ ಉಟ್ಟಿದ್ದಳೆಂದು ನನಗೆ ಕಣ್ಣಿಗೆ ಕಟ್ಟಿದಂತೆ ನೆನಪಿದೆ. ಹಸಿರು ಎಂದು ಅವಳು, ಅವಳ ತಾಯಿ, ನನ್ನ ಸ್ವಂತ ಅಕ್ಕ ಮೂವರೂ ಹೇಳುತ್ತಾರೆ. ಫೋಟೋ ಕಪ್ಪು ಬಿಳುಪು. ಹಾಗಾಗಿ ನಾನು ಜೇಬಿನಲ್ಲಿ ಒಂದು ನೋಟ್‌ಬುಕ್ಕು, ಒಂದು ಶಾಯಿ ಪೆನ್ನು ಇಟ್ಟುಕೊಂಡು, ಅಡ್ಡೆಯಲ್ಲಿ ಯಾರು ಏನು ಹೇಳಿದರೂ ಅಲ್ಲಿಯೇ ಬರೆದುಕೊಳ್ಳುತ್ತಿದ್ದೆ.

ಬರೆದುಕೊಳ್ಳಲು ಕಾರಣವೂ ಇತ್ತು. ಮೊದಲ ಲೋಡು ದನದ ಹಿಂಡಿ. ಒಂಬತ್ತು ಟನ್ನು ಎಂದಿದ್ದರು. ಲಾರಿಯ ಹಿಂಭಾಗ ಕುಗ್ಗಿದ ರೀತಿ ನೋಡಿ ನಾನು ದಾರಿಯಲ್ಲಿ ಧರ್ಮಕಾಂಟಾಕ್ಕೆ ಹತ್ತಿಸಿ ತೂಗಿಸಿದೆ. ಹನ್ನೊಂದೂವರೆ. ವಾಪಸು ಹೋಗಿ ಹೆಚ್ಚಿನ ಚೀಲ ಇಳಿಸಿದೆ. ಆ ದಲಾಲ ಅಂದಿನಿಂದ ನನ್ನನ್ನು ಕರೆಯಲಿಲ್ಲ. ಎರಡನೆಯ ಲೋಡು ಹುಬ್ಬಳ್ಳಿಗೆ. ಅಲ್ಲಿ ರಿಟರ್ನ್ ಲೋಡು ಸಿದ್ಧವಾಗಿದೆ ಎಂದು ಬೇರೊಬ್ಬ ದಲಾಲ ಎದೆ ಮುಟ್ಟಿಕೊಂಡು ಹೇಳಿದ್ದ. ಅಲ್ಲಿ ಎರಡು ದಿನ ಕಾದು ಖಾಲಿ ಲಾರಿ ಓಡಿಸಿಕೊಂಡು ಬಂದೆವು. ನೋಟ್‌ಬುಕ್ಕಿನಲ್ಲಿ ಎಡಗಡೆ ಹೇಳಿದ್ದು, ಬಲಗಡೆ ಕಂಡದ್ದು ಎಂದು ಎರಡು ಸಾಲು ಮಾಡಿದೆ. ಎರಡೂ ಕಡೆ ಹೊಂದಿದ ಪುಟ ಒಂದೂ ಇರಲಿಲ್ಲ.

"ಸಾಹೇಬ್ರ, ಆ ಬುಕ್ ಒಳಗ ಇಡ್ರಿ," ಎಂದರು ಡ್ರೈವರ್. "ಮಂದಿ ನಿಮ್ಮನ್ನ ಸೇಲ್ಸ್ ಟ್ಯಾಕ್ಸಿನವರು ಅಂತ ತಿಳಕೊಂಡಾರ. ನಿನ್ನೆ ಒಬ್ಬಾವ ನನ್ನ ಕೇಳಿದ, ನಿಮ್ಮ ಸಾಹೇಬ್ರದು ಪ್ಯಾಂಟಿನ ಕಿಸೆದಾಗ ಸರ್ಕಾರಿ ಕಾರ್ಡ್ ಐತೇನು ಅಂತ."

"ಇಲ್ಲ ಅಂತ ಹೇಳಬೇಕಿತ್ತು."

"ಹೇಳಿದೆ. ಹೇಳಿದ್ದಕ್ಕ ಅವನ ಸಂಶೆ ಗಟ್ಟಿ ಆತು."

ಲಾರಿ ಹನ್ನೊಂದು ದಿನ ನಿಂತಿತು. ನಿಂತ ಲಾರಿಯ ಟೈರಿನ ಮೇಲೆ ನಾಯಿ ಮಲಗುವುದನ್ನು ನೋಡುವುದು ಸಣ್ಣ ಶಿಕ್ಷೆಯಲ್ಲ. ಒಂದು ದೊಡ್ಡ ಸಾಗಣೆ ಕಂಪನಿಯವರು ಆಗಲೇ ನನಗೊಂದು ಛಾಪಿಸಿದ ಕಾಗದ ಕೊಟ್ಟಿದ್ದರು. ಸಹಿ ಮಾಡಿದರೆ ನನ್ನ ಲಾರಿ ಅವರ ಕೈಕೆಳಗಿನ ಲಾರಿಯಾಗುತ್ತದೆ. ಹಣೆಯ ಮೇಲೆ ಅವರ ಹೆಸರು. ಎಲ್ಲಿಗೆ, ಯಾವಾಗ, ಏನು ಹೇರಬೇಕು ಎಲ್ಲ ಅವರದೇ ತೀರ್ಮಾನ. ತಿಂಗಳಿಗೆ ಇಷ್ಟು ಎಂದು ಬಾಡಿಗೆ. ಇನ್ನೊಬ್ಬರ ಅಪ್ಪಣೆಯಲ್ಲಿ ಬದುಕಬಾರದೆಂದೇ ಲಾರಿ ಕೊಂಡವನು ನಾನು. ಆದರೆ ಡ್ರೈವರ್ ಇನ್ನೊಂದು ವಾರ ಕಾಯುವುದಾಗಿ ಹೇಳಿದ್ದರು, ಅದಕ್ಕಿಂತ ಹೆಚ್ಚು ಅವರಿಂದಾಗದು. ಬರುವ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರದೊಳಗೆ ಗಟ್ಟಿಯಾದ ಕೆಲಸ ಸಿಗದಿದ್ದರೆ ಸಹಿ ಮಾಡುತ್ತೇನೆಂದು ಕಂಪನಿಯವರಿಗೆ ತಿಳಿಸಿ, ಕಾಗದವನ್ನು ಮಡಚಿ ನೋಟ್‌ಬುಕ್ಕಿನ ಹಿಂದಿನ ರಟ್ಟಿನಲ್ಲಿ ಸಿಕ್ಕಿಸಿದೆ.

ಆ ಶನಿವಾರ ಹುಮನಾಬಾದ ಮೂಲದ ದಲಾಲರೊಬ್ಬರು ನನ್ನನ್ನು ಮೊದಲ ಸಲ ಮೇಜಿನ ಹತ್ತಿರ ಕರೆದರು. ಬಿಳಿ ಪೈಜಾಮ, ಕಿವಿಯ ಮೇಲೆ ಪೆನ್ಸಿಲ್ಲು. ಆ ಪೆನ್ಸಿಲ್ಲಿನಿಂದ ಬರೆದದ್ದನ್ನು ಯಾರೂ ನೋಡಿರಲಿಲ್ಲ. ಅಂದಿನ ನನ್ನ ಟಿಪ್ಪಣಿ ಪೂರ್ತಿ ಇಷ್ಟೇ: "ಬೆಳಿಗ್ಗೆ ಹತ್ತೂವರೆ. ರಾಯಚೂರು. ಔಷಧಿ ಸೀಸೆಗಳು, ಹುಲ್ಲು ಹಾಕಿದ ಪೆಟ್ಟಿಗೆ. ಮುಂದಿನ ವಾರ. ನೋಡೋಣ ಅಂದೆ."

ಸೀಸೆ ಯಾರಿಗೂ ಬೇಡದ ಲೋಡು. ಹೇರಲು ಒಂದು ದಿನ, ಇಳಿಸಲು ಒಂದು ದಿನ, ಒಡೆದರೆ ಬಾಡಿಗೆಯಲ್ಲಿ ಕಡಿತ. ಬೇಡವಾದದ್ದನ್ನು ನನಗೆ ತೋರಿಸುತ್ತಿದ್ದಾರೆ ಎಂದುಕೊಂಡು ಎದ್ದು ಬಂದೆ. ಹಾಗೆಂದು ನನಗೆ ನೆನಪಿತ್ತು.

ಸೋಮವಾರ ದಲಾಲರನ್ನು ಬಿಟ್ಟು ನಾನೇ ಬಾಲಾನಗರದ ಕಾರ್ಖಾನೆಗಳ ಗೇಟು ಗೇಟು ಅಲೆದೆ. ಹೆಚ್ಚಿನ ಕಡೆ ಕಾವಲುಗಾರನನ್ನು ದಾಟಲಾಗಲಿಲ್ಲ. ಮಧ್ಯಾಹ್ನದ ಮೇಲೆ ಪಂಪು ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ, ಮಾಲು ಕಳಿಸುವ ಗುಮಾಸ್ತ ನನ್ನನ್ನು ಕೂರಿಸಿಕೊಂಡು ಮಾತಾಡಿದ. ಪ್ರತಿ ವಾರ ಹುಬ್ಬಳ್ಳಿಗೆ ಪಂಪಿನ ಎರಕಗಳು ಹೋಗುತ್ತವೆ. ಅವರ ಹಳೆಯ ಲಾರಿಯವನು ಕೈ ಕೊಟ್ಟಿದ್ದ. "ಬುಧವಾರ ಬೆಳಿಗ್ಗೆ ಎಂಟಕ್ಕೆ ಗಾಡಿ ತನ್ನಿ. ಸರಿಯಾಗಿ ಮುಟ್ಟಿಸಿದರೆ ಪ್ರತಿ ವಾರ ನಿಮ್ಮದೇ," ಎಂದು ತೆಲುಗಿನಲ್ಲಿ ಹೇಳಿ, ಚೀಟಿಯ ಮೇಲೆ ದಿನ, ಸಮಯ, ತೂಕ ಬರೆದು ಸಹಿ ಹಾಕಿದ. ಅಡ್ಡೆಗೆ ಬಂದ ಮೇಲೆ ಲೋಡಿನ ವಿಷಯದಲ್ಲಿ ನಾನು ಕಂಡ ಮೊದಲ ಬರಹದ ದಾಖಲೆ ಅದು. ಬಸ್ಸಿನಲ್ಲಿ ಕಾಚಿಗೂಡದ ಮನೆಗೆ ಬರುವಾಗ ಎರಡು ಸಲ ತೆಗೆದು ನೋಡಿದೆ.

ಮಂಗಳವಾರ ಬೆಳಿಗ್ಗೆ ಲಾರಿಯ ಗಾಳಿ ನೋಡಿಸಲು ಅಡ್ಡೆಗೆ ಹೋದರೆ, ಹುಮನಾಬಾದದ ದಲಾಲರು ಕೂತಲ್ಲಿಂದಲೇ ಕೂಗಿದರು.

"ಮಾಸ್ತರ, ನಾಳೆ ಎಂಟಕ್ಕ ಗಾಡಿ ಸೀಸೆ ಗೋದಾಮಿಗೆ ಹಚ್ಚರಿ."

ನೋಟ್‌ಬುಕ್ಕಿನಿಂದಾಗಿ ಅಡ್ಡೆಯಲ್ಲಿ ನನಗೆ ಮಾಸ್ತರ ಎಂಬ ಹೆಸರು ಬಿದ್ದಿತ್ತು.

"ಯಾವ ಸೀಸೆ?"

"ರಾಯಚೂರಿನವು. ಶನಿವಾರ ಮುಗದ ಮಾತು."

"ನಾ ನೋಡೋಣ ಅಂದಿದ್ದೆ. ಬರದೀನಿ, ತೋರಸ್ಲೇನು?"

"ಬಾಯಿಲೆ ನೋಡೋಣ ಅಂದ್ರಿ ಖರೆ. ಬಸಿ ಖಾಲಿ ಮಾಡಿದ್ರಲ್ಲ?" ಎಂದು ಅವರು ಫೋನು ಎತ್ತಿಕೊಂಡರು.

ನನಗೆ ಏನೂ ಅರ್ಥವಾಗಲಿಲ್ಲ. ಲಾರಿಯ ಹತ್ತಿರ ಬಂದು ಕೇಳಿದಾಗ ಡ್ರೈವರ್ ಕೈಯಲ್ಲಿದ್ದ ಅರಿವೆಯನ್ನು ಬಾನೆಟ್ಟಿನ ಮೇಲಿಟ್ಟು ನನ್ನ ಮುಖ ನೋಡಿದರು.

"ಬಸಿ ಕುಡದ್ರೇನ್ರಿ?"

ಅಡ್ಡೆಯ ರೀತಿ ಇದು. ಲೋಡು ಹೇಳಿದ ಮೇಲೆ ದಲಾಲ ಒಂದೇ ಒಂದು ಕಪ್ ಚಹಾ ತರಿಸುತ್ತಾನೆ. ಅರ್ಧವನ್ನು ಬಸಿಗೆ, ಎಂದರೆ ಕಪ್ಪಿನ ಕೆಳಗಿನ ತಟ್ಟೆಗೆ, ಸುರಿದು ಲಾರಿಯವನ ಕಡೆ ಸರಿಸಿ, ಕಪ್ಪನ್ನು ತಾನಿಟ್ಟುಕೊಳ್ಳುತ್ತಾನೆ. ಬಸಿ ಕುಡಿದರೆ ಲಾರಿ ಆ ಲೋಡಿಗೆ ನಿಗದಿಯಾಯಿತು. ಆಮೇಲೆ ಬಾಯಿ ಏನಂದರೂ ಲೆಕ್ಕವಿಲ್ಲ. ಲೋಡು ಬೇಡವಾದರೆ "ಈಗಷ್ಟೇ ಕುಡಿದೆ" ಎಂದು ಬಸಿ ಹಾಗೇ ಬಿಡಬೇಕು. ಕುಡಿದು ಲೋಡು ಕೈಬಿಟ್ಟವನನ್ನು ಆ ಮಾಡಿನ ಕೆಳಗೆ ಯಾರೂ ಮತ್ತೆ ಕರೆಯುವುದಿಲ್ಲ.

"ಇದನ್ನ ನನಗ ಮೊದಲ ಯಾಕ ಹೇಳಲಿಲ್ಲ?"

"ಲಾರಿ ತಗೊಂಡವರಿಗೆ ಬಸಿ ಗೊತ್ತಿರಂಗಿಲ್ಲ ಅಂತ ಯಾರು ತಿಳಕೋತಾರ್ರಿ? ನಾಳೆ ನೀವು ಡೀಸೆಲ್ ಎಲ್ಲಿ ಹಾಕ್ಬೇಕು ಅಂತ ಕೇಳಿದ್ರ?"

ನಾನು ಶನಿವಾರದ ಹತ್ತೂವರೆಯನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ನಡೆಸಿ ನೋಡಿದೆ. ಮೇಜು, ಫೋನು, ಪೆನ್ಸಿಲ್ಲು ಎಲ್ಲ ಕಂಡವು. ಬಸಿ ಕಾಣಲಿಲ್ಲ. ಹೊರಗಿನ ಚಹಾ ನನಗೆ ಆಗಿಬರುವುದಿಲ್ಲ, ಹೊಟ್ಟೆ ಉರಿಯುತ್ತದೆ, ಹಾಗಾಗಿ ಕುಡಿದಿರಲಾರೆ. ಇನ್ನೂ ಒಂದು ವಿಚಾರ ಬಂತು. ಬುಧವಾರ ಎಂಟು ಗಂಟೆ, ಅದೇ ದಿನ, ಅದೇ ಸಮಯ. ಪಂಪಿನ ಕಾರ್ಖಾನೆಗೆ ನಾನು ಹೋದದ್ದನ್ನು ಯಾರೋ ನೋಡಿ ಇವರಿಗೆ ಮುಟ್ಟಿಸಿದ್ದಾರೆ. ದಲಾಲರನ್ನು ದಾಟಿ ಹೋಗುವವನನ್ನು ಹಿಡಿದು ನಿಲ್ಲಿಸಲು ಕೈಯಲ್ಲಿ ಹಿಡಿಯಲಾಗದ ಸಾಕ್ಷ್ಯ ಹುಟ್ಟಿಸಿದ್ದಾರೆ. ಚಹಾಕ್ಕಿಂತ ಬೇಗ ಆರುವ ಸಾಕ್ಷ್ಯ ಬೇರೆ ಯಾವುದಿದೆ?

ಚಹಾ ಅಂಗಡಿಯವನನ್ನು ಕೇಳಿದೆ. ಅವನು ಲೋಟ ತೊಳೆಯುತ್ತಲೇ ದಖ್ಖಣಿಯಲ್ಲಿ ಹೇಳಿದ ಮಾತಿನ ಅರ್ಥ ಇದು: "ನಾನು ಕಪ್ಪು ಎಣಿಸುತ್ತೇನೆ ಸಾಬ್, ಬಾಯಿ ಎಣಿಸುವುದಿಲ್ಲ."

ಮಧ್ಯಾಹ್ನ ಮನೆಗೆ ಬಂದೆ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾದ ನನ್ನ ಹೆಂಡತಿ ಅಂದು ರಜೆ ಹಾಕಿ ಹಪ್ಪಳ ಒಣಗಿಸುತ್ತಿದ್ದಳು. ಎಲ್ಲ ಹೇಳಿದೆ.

"ಕುಡದಿದ್ರ ಸೀಸೆ ಒಯ್ರಿ. ಕುಡದಿಲ್ಲಂದ್ರ ಪಂಪ್ ಒಯ್ರಿ," ಎಂದಳು. "ಇದರಾಗ ವಿಚಾರ ಮಾಡೂದು ಏನೈತಿ?"

"ಕುಡದೀನೋ ಇಲ್ಲೋ ಅನ್ನೂದ ಗೊತ್ತಿಲ್ಲಲ್ಲ."

"ಶನಿವಾರ ಮಧ್ಯಾಹ್ನ ಊಟ ಬಿಟ್ರಿ. ನೆನಪೈತೇನು?"

ನೆನಪಿರಲಿಲ್ಲ.

"ಹೊಟ್ಟಿ ಉರಿ ಅಂತ ಮಜ್ಜಿಗಿ ಕುಡದು ಮಕ್ಕೊಂಡ್ರಿ. ಹೊರಗಿನ ಚಾ ಹೊಟ್ಟ್ಯಾಗ ಹೋದಾಗಷ್ಟ ನಿಮಗ ಹಂಗಾಗೂದು. ನಿಮ್ಮ ತಲೀಗಿಂತ ನಿಮ್ಮ ಹೊಟ್ಟಿ ಛಲೋ ಸಾಕ್ಷಿ ನೋಡ್ರಿ. ನಿಮ್ಮ ತಲಿ ನನಗ ನೀಲಿ ಸೀರಿ ಉಡಸ್ತದ."

ನಾನು ನೋಟ್‌ಬುಕ್ಕನ್ನು ಕಿಟಕಿಯ ಬೆಳಕಿಗೆ ಒಯ್ದೆ. ಶನಿವಾರದ ಪುಟವನ್ನು ಅಷ್ಟು ಹೊತ್ತು ಓದಿದ್ದೆನೇ ಹೊರತು ನೋಡಿರಲಿಲ್ಲ. ಕೆಳಗಿನ ಮೂಲೆಯಲ್ಲಿ ಕಂದು ಬಣ್ಣದ ಒಂದು ಕಮಾನು, ಬಸಿಯ ತಳದಷ್ಟೇ ಅಗಲ. "ನೋಡೋಣ" ಎಂಬ ಪದ ಆ ಕಮಾನಿನ ಮೇಲೆ ಬಿದ್ದಿತ್ತು. ಬೇರೆಲ್ಲ ಅಕ್ಷರಗಳು ಸ್ಪಷ್ಟವಾಗಿದ್ದವು. ಆ ಪದದ ಶಾಯಿ ಮಾತ್ರ ಹರಡಿ ಅಂಚಿಗೆ ಮೀಸೆ ಮೂಡಿದ್ದವು. ಅಂದರೆ ನಾನು ಅದನ್ನು ಬರೆಯುವಾಗ ಕಾಗದ ಹಸಿ ಇತ್ತು. ಬಸಿ ಮೊದಲು ಬಂತು, "ನೋಡೋಣ" ಆಮೇಲೆ.

ಬಸಿ ನನ್ನ ಪುಸ್ತಕದ ಮೇಲಿತ್ತು ಎಂದಷ್ಟೇ ಇದರಿಂದ ಸಿದ್ಧವಾಗುತ್ತದೆ, ನನ್ನ ತುಟಿಗೆ ಬಂತೆಂದಲ್ಲ. ದಲಾಲರು ಬೇಕೆಂದೇ ಅಲ್ಲಿ ಇಟ್ಟಿರಬಹುದು. ಆದರೆ ಹೊಟ್ಟೆ ಉರಿಯನ್ನು ಅವರು ಇಟ್ಟಿರಲಾರರು. ಒಂದು ಕಲೆ, ಒಂದು ಹೊಟ್ಟೆ. ಒಂದಕ್ಕೊಂದು ಗೊತ್ತಿಲ್ಲದ ಎರಡು ಸಾಕ್ಷಿ, ಎರಡಕ್ಕೂ ಲಾಭವಿಲ್ಲ. ಬೇರೊಬ್ಬರ ವಿಷಯದಲ್ಲಾದರೆ ನಾನು ಇಷ್ಟಕ್ಕೇ ತೀರ್ಪು ಬರೆಯುತ್ತಿದ್ದೆ. ನನ್ನ ವಿಷಯದಲ್ಲಿ ಬರೆಯಲು ಅರ್ಧ ತಾಸು ಬೇಕಾಯಿತು.

ಸಂಜೆ ಪಂಪಿನ ಕಾರ್ಖಾನೆಗೆ ಹೋಗಿ, ಬುಧವಾರ ಆಗುವುದಿಲ್ಲ, ಮುಂದಿನ ವಾರದಿಂದ ಬರಲೇ ಎಂದು ಕೇಳಿದೆ. ಗುಮಾಸ್ತ ಚೀಟಿ ವಾಪಸು ಕೇಳಿದ. ಕೊಟ್ಟೆ. "ನಿನ್ನೆ ಗಾಡಿ ಇದೆ ಅಂದಿರಿ. ಇವತ್ತು ಇಲ್ಲ ಅಂತೀರಿ. ನಾಳೆ ದಾರಿಯಲ್ಲಿ ನಿಂತು ಏನು ಹೇಳ್ತೀರೋ," ಎಂದು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಬುಧವಾರ ಎಂಟಕ್ಕೆ ಸೀಸೆ ಗೋದಾಮಿಗೆ ಲಾರಿ ಹಚ್ಚಿದೆವು. ಹಗುರ ಮಾಲಿನ ಅಪಾಯವೇನೆಂದು ಅಂದು ತಿಳಿಯಿತು. ಹತ್ತು ಟನ್ನು ಹೊರಲು ಮಾಡಿದ ಪಾಟಾ ಸ್ಪ್ರಿಂಗು, ನಾಲ್ಕು ಟನ್ನು ಹೇರಿದರೆ ಬಗ್ಗುವುದೇ ಇಲ್ಲ. ಪ್ರತಿ ಗುಂಡಿಗೂ ಲಾರಿ ಕುಪ್ಪಳಿಸುತ್ತದೆ. ಡ್ರೈವರ್ ಮೊದಲು ಹಿಂದಿನ ಗಾಲಿಗಳ ನೇರಕ್ಕೆ ಮರಳಿನ ಚೀಲ ಹಾಸಿಸಿದರು, ಅದರ ಮೇಲೆ ಮೊಣಕಾಲೆತ್ತರ ಹುಲ್ಲು. ಪೆಟ್ಟಿಗೆಗಳನ್ನು ನಡುವಿನಿಂದ ಜೋಡಿಸಿ ಅಂಚಿನ ಕಡೆ ಬಂದೆವು. ಪಕ್ಕದ ಹಲಗೆಗೆ ಯಾವ ಪೆಟ್ಟಿಗೆಯೂ ತಾಗದಂತೆ ಒಂದು ಗೇಣು ಜಾಗ ಬಿಟ್ಟು ಅಲ್ಲಿಗೂ ಹುಲ್ಲು ತುರುಕಿದೆವು. ಗಾಳಿ ಸ್ವಲ್ಪ ಇಳಿಸಿದೆವು. ತಾಡಪಾಲು ಹೊದಿಸಿ ಹಗ್ಗ ಎಳೆದು ಕಟ್ಟುವಾಗ ನಾನು ಬಲ ಹಾಕಿದರೆ ಡ್ರೈವರ್ ಕೈ ಹಿಡಿದರು. "ಹುಲ್ಲಿನ ಬಣವಿ ಕಟ್ಟಿದಂಗ ಕಟ್ಟರಿ. ಕಳ್ಳನ್ನ ಕಟ್ಟಿದಂಗ ಅಲ್ಲ."

ಗುರುವಾರ ನಸುಕಿನಲ್ಲಿ ಹೊರಟೆವು. ಜಡಚರ್ಲಾ, ಮಹಬೂಬನಗರ, ಮಕ್ತಲ್ ದಾಟುವವರೆಗೆ ಮೂವತ್ತರ ಮೇಲೆ ಮುಳ್ಳು ಹೋಗಲು ಬಿಡಲಿಲ್ಲ. ಹಿಂದಿನಿಂದ ಬಂದ ಬಸ್ಸಿನವರು ಬೈದು ದಾಟಿದರು. ನಾನು ಓಡಿಸುವಾಗ ಕಿವಿಯೆಲ್ಲ ಹಿಂದೆಯೇ ಇತ್ತು. ಸೀಸೆಗಳು ಕಿಣಿಕಿಣಿ ಎನ್ನುತ್ತಿದ್ದವು. ಒಡೆದ ಸೀಸೆಯ ಸದ್ದು ಒಡೆಯದ್ದಕ್ಕಿಂತ ಹೇಗೆ ಬೇರೆ ಎಂದು ಡ್ರೈವರನ್ನು ಕೇಳಿದೆ. "ಒಡದದ್ದು ಸುಮ್ಮನಿರ್ತದ್ರಿ," ಎಂದರು. ಕೃಷ್ಣಾ ಸೇತುವೆ ದಾಟುವವರೆಗೆ ನಾನು ಮೌನವಾದ ಪೆಟ್ಟಿಗೆ ಯಾವುದೆಂದು ಆಲಿಸುತ್ತಿದ್ದೆ.

ಶುಕ್ರವಾರ ರಾಯಚೂರಿನಲ್ಲಿ ಇಳಿಸಿದೆವು. ಒಂದು ಪೆಟ್ಟಿಗೆಯ ಮೂಲೆಯ ಸೀಸೆಗಳಷ್ಟೇ ಒಡೆದಿದ್ದವು. ಮಾಲು ತೆಗೆದುಕೊಂಡ ವ್ಯಾಪಾರಿ, ಕಡಿತವಿಲ್ಲ ಎಂದು ಬರೆದುಕೊಡಲು ಒಪ್ಪಿ, ದೊಡ್ಡ ಹಾಳೆ ಕೇಳಿದರು. ಅವರ ಮೊಹರು ನನ್ನ ನೋಟ್‌ಬುಕ್ಕಿನ ಪುಟಕ್ಕಿಂತ ಉದ್ದವಿತ್ತು. ನಾನು ರಟ್ಟಿನಿಂದ ಕಂಪನಿಯ ಕಾಗದ ತೆಗೆದು ಹಿಂಬದಿ ಮೇಲೆ ಮಾಡಿ ಕೊಟ್ಟೆ. ಅವರು ಬರೆದರು, ಮೊಹರು ಒತ್ತಿದರು. ಲಾರಿಯಲ್ಲಿ ಬೇರೆ ಹಾಳೆ ಇತ್ತೋ ಇಲ್ಲವೋ ಈಗ ಹೇಳಲಾರೆ. ಆಗಲೂ ಹುಡುಕಲಿಲ್ಲ ಎಂಬುದು ಮಾತ್ರ ನಿಜ.

ಖಾಲಿ ವಾಪಸು ಬರುವುದಕ್ಕೆ ನಾನು ಸಿದ್ಧನಾಗಿದ್ದೆ. ಆದರೆ ಹೊರಡುವ ಮೊದಲು ಅಕ್ಕಿ ಗಿರಣಿಯ ಮನುಷ್ಯನೊಬ್ಬ ಲಾರಿ ನಂಬರು ಹೇಳಿಕೊಂಡು ಹುಡುಕುತ್ತ ಬಂದ. ಹೈದರಾಬಾದಿನಿಂದ ಫೋನು ಬಂದಿದೆಯಂತೆ, ಒಂಬತ್ತು ಟನ್ನು ಅಕ್ಕಿ ಇದೆಯಂತೆ. ನಾನು ಅದನ್ನೂ ನಂಬದೆ ಕಾಂಟಾಕ್ಕೆ ಹತ್ತಿಸಿ ತೂಗಿಸಿದೆ. ಒಂಬತ್ತು ಟನ್ನೇ ಇತ್ತು. ನೋಟ್‌ಬುಕ್ಕಿನಲ್ಲಿ ಎಡವೂ ಬಲವೂ ಹೊಂದಿದ ಮೊದಲ ಪುಟ.

ಸೋಮವಾರ ಅಕ್ಕಿ ಇಳಿಸಿ ಅಡ್ಡೆಗೆ ಬಂದೆ. ದಾರಿಯಲ್ಲಿ ಪಂಪಿನ ಕಾರ್ಖಾನೆಯ ಗೇಟಿನೆದುರು ಬೇರೊಂದು ಲಾರಿ ನಿಂತಿತ್ತು. ಅದರ ಮಾಲೀಕನ ಮುಖ ನೋಡಬಾರದೆಂದು ನಾನು ಈಚೆ ಕಡೆ ನೋಡುತ್ತ ದಾಟಿದೆ.

ದಲಾಲರ ಮುಂದೆ ಮೊಹರಿನ ಹಾಳೆ ಇಟ್ಟೆ. ಅವರು ಓದಿ, ತಿರುಗಿಸಿ, ಕಂಪನಿಯ ಹೆಸರು ನೋಡಿ, ಡ್ರಾಯರಿಗೆ ಹಾಕಿದರು.

"ಒಂದು ಮಾತು ಕೇಳ್ತೀನಿ," ಎಂದೆ. "ಆ ಶನಿವಾರ ನಾ ಬಸಿ ಕುಡದದ್ದು ನಿಮಗ ಖರೇನ ನೆನಪಿತ್ತೇನು?"

ಅವರು ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದು ಬೆನ್ನು ಕೆರೆದುಕೊಂಡರು. ಅದರ ಉಪಯೋಗ ಅಂದು ತಿಳಿಯಿತು.

"ಯಾರಿಗೆ ಗೊತ್ರಿ. ಶನಿವಾರ ಹತ್ತ ಮಂದಿಗೆ ಬಸಿ ಸರಿಸಿರ್ತೀನಿ. ಸೀಸೆ ಲೋಡು ಯಾವಾವ ಒಪ್ಪಕೊಂಡಾನ ಅನ್ನೂದು ಮರತೇ ಹೋಗಿತ್ತು. ಅದಕ್ಕ ನಾಕ್ ಮಂದಿಗೆ ಹೇಳಿದೆ, ನೀ ಕುಡದೀ, ಬುಧವಾರ ಗಾಡಿ ಹಚ್ಚು ಅಂತ. ಮೂರು ಮಂದಿ ನನ್ನ ಕೂಡ ಜಗಳಾಡಿದ್ರು."

"ನಾಕೂ ಗಾಡಿ ಬಂದಿದ್ರ?"

"ಇಪ್ಪತ್ತು ವರ್ಷದಾಗ ಎರಡು ಗಾಡಿ ಕೂಡಿ ಸುದ್ದಾ ಬಂದಿಲ್ಲರಿ."

ಹಾಗಾದರೆ ನನ್ನ ಸಂಶಯವೂ ನಿಜ, ನನ್ನ ಹೊಟ್ಟೆಯೂ ನಿಜ. ಎರಡನ್ನೂ ಒಂದೇ ಪುಟದಲ್ಲಿ ಹೇಗೆ ಬರೆಯುವುದೆಂದು ಯೋಚಿಸುತ್ತಿರುವಾಗ ಅವರು ಚಹಾಕ್ಕೆ ಕೈ ಮಾಡಿದರು. ಕಪ್ಪು ಬಂತು. ಅರ್ಧ ಬಸಿಗೆ ಸುರಿದು ನನ್ನ ಕಡೆ ಸರಿಸಿದರು.

ನಾನು ಮುಟ್ಟಲಿಲ್ಲ. "ಯಾವ ಊರು?"

"ಗುಲಬರ್ಗಾ."

"ಎಷ್ಟು ಟನ್ನು?"

"ಎಂಟು. ಕಾಂಟಾಕ್ಕ ಹತ್ತಸ್ತೀರಿ, ಗೊತ್ತೈತಿ. ಎಂಟ."

"ಯಾವ ದಿನ? ವಾಪಸ್ ಏನೈತಿ?"

"ಬುಧವಾರ. ವಾಪಸ್ ತೊಗರಿ ಬ್ಯಾಳಿ. ಚಾ ಆರಾಕತ್ತದ ಮಾಸ್ತರ."

ನೋಟ್‌ಬುಕ್ಕು ತೆಗೆದು ನಾಲ್ಕನ್ನೂ ಬರೆದೆ. ಬೆಂಚಿನ ಮೇಲಿದ್ದವರು ನೋಡುತ್ತಿದ್ದರು. ಐದನೆಯ ಸಾಲಾಗಿ "ಬಸಿ ಕುಡಿದೆ" ಎಂದು ಬರೆದು, ಪುಸ್ತಕವನ್ನು ಅವರ ಕಡೆ ತಿರುಗಿಸಿದೆ. ಅವರು ನಿಧಾನವಾಗಿ ಓದಿದರು.

"ಇನ್ನೂ ಕುಡದಿಲ್ಲಲ್ಲ."

ಮನೆಗೆ ಹೋದ ಮೇಲೆ ಮಜ್ಜಿಗೆ ಕೇಳಬೇಕಾಗುತ್ತದೆ ಎಂದುಕೊಂಡು ಬಸಿಯನ್ನು ಎರಡೂ ಕೈಯಲ್ಲಿ ಎತ್ತಿದೆ.